ಕೊನೆಯವಳ ಪಾಲು

ಲಾಗೊಮ್ ಎಂದರೆ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಹದವಾಗಿ. ಸ್ವೀಡನ್ನಿನಲ್ಲಿ ಕಾಫಿಗೂ ಅದೇ ಮಾತು, ಬದುಕಿಗೂ ಅದೇ ಮಾತು. ಆ ಪದ ಹುಟ್ಟಿದ ಬಗೆಯನ್ನು ಗುನ್ವೊರ್ ಟೀಚರು ನಲವತ್ತು ವರ್ಷ ಮಕ್ಕಳಿಗೆ ಹೇಳಿದ್ದರು: ಹಿಂದೆ ವೈಕಿಂಗರು ಹೆಂಡ ತುಂಬಿದ ಕೊಂಬನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು, ಕೊನೆಯವನಿಗೂ ಉಳಿಯುವಷ್ಟೇ ಒಬ್ಬೊಬ್ಬರೂ ಕುಡಿಯಬೇಕು. ‘ಲಾಗ್’ ಎಂದರೆ ಗುಂಪು, ‘ಓಮ್’ ಎಂದರೆ ಸುತ್ತ. ಈ ಭಾನುವಾರ ಹಳೆಯ ವಿದ್ಯಾರ್ಥಿಗಳ ಕೂಟದಲ್ಲೂ ಅದನ್ನೇ ಹೇಳಬೇಕಿತ್ತು. ಅಷ್ಟರಲ್ಲಿ ಪೇಪರಿನಲ್ಲಿ ಯಾರೋ ಅದು ಬರೀ ಕಟ್ಟುಕಥೆ ಎಂದು ಬರೆದುಬಿಟ್ಟರು. ಎಂಬತ್ತೆರಡರ ಟೀಚರಿಗೆ ಊಟ ಸೇರದಾಯಿತು. ಹಾಗಾದರೆ ನಾನು ಜೀವನವಿಡೀ ಸುಳ್ಳು ಕಲಿಸಿದೆನೇ?

ನಿಘಂಟು ಕಚೇರಿಯಲ್ಲಿ ಕೆಲಸ ಮಾಡುವ ಹಳೆಯ ಶಿಷ್ಯೆ ರೈಯಾಳನ್ನು ಕಾಫಿಗೆ ಕರೆದರು.

“ನನ್ನ ಕಥೆ ಸರಿಯೋ ತಪ್ಪೋ, ಹೇಳು.”

“ಹಾಗೂ ಹೇಳ್ತಾರೆ, ಟೀಚರ್.” ರೈಯಾ ಏಲಕ್ಕಿ ಬನ್ನು ಮುರಿದಳು.

“ಅವರಿವರದ್ದು ಬಿಡು. ನೀನೇನಂತೀಯ?”

“ಬೇರೆ ಥರಾನೂ ಇರಬಹುದು...”

ಈ ದೇಶದವರಿಗೆ ಮುಖ ನೋಡಿ ‘ಇಲ್ಲ’ ಎನ್ನುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದೇ ಸುಲಭ. ಟೀಚರಿಗೆ ತಲೆ ಚಿಟ್ಟು ಹಿಡಿಯಿತು.

“ಅಡ್ಡಗೋಡೆ ಮೇಲೆ ದೀಪ ಇಡಬೇಡ ಕಣೇ! ನಿಜ ಹೇಳು.”

“ತಪ್ಪು, ಟೀಚರ್. ಈ ಪದದಲ್ಲಿ ‘ಲಾಗ್’ ಅಂದ್ರೆ ಗುಂಪಲ್ಲ, ಕಾನೂನು. ಕಟ್ಟಳೆ ಪ್ರಕಾರ ಎಷ್ಟೋ ಅಷ್ಟು. ಕೊಂಬೂ ಇಲ್ಲ, ವೈಕಿಂಗರೂ ಇಲ್ಲ. ಕೆಲಸಕ್ಕೆ ಸೇರಿದ ವರ್ಷವೇ ನಂಗೆ ಗೊತ್ತಾಗಿತ್ತು.”

“ಮತ್ತೆ ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?”

ರೈಯಾ ತಲೆ ತಗ್ಗಿಸಿದಳು. “ನಿಮ್ಮ ಕ್ಲಾಸಿಗೆ ಸೇರಿದಾಗ ಆಗಷ್ಟೇ ಫಿನ್ಲೆಂಡಿನಿಂದ ಬಂದಿದ್ದೆ. ಯಾರೂ ನನ್ನ ಪಕ್ಕ ಕೂರ್ತಿರಲಿಲ್ಲ. ನೀವು ಈ ಕಥೆ ಹೇಳಿ, ಶರಬತ್ತಿನ ಜಗ್ ಕ್ಲಾಸಿನ ಸುತ್ತ ಕಳಿಸಿದ್ರಿ. ನಾನೇ ಕೊನೆಯವಳು. ಅರ್ಧ ಜಗ್ ನಂಗೆ ಉಳಿದಿತ್ತು. ಎಲ್ಲರೂ ನನಗೋಸ್ಕರ ಬಿಟ್ಟಿದ್ರಲ್ಲ! ಈ ಭಾಷೆ ನನ್ನದೂ ಹೌದು ಅಂತ ಅವತ್ತು ಅನ್ನಿಸ್ತು.”

ಟೀಚರಿಗೆ ಆ ದಿನ ನೆನಪಾಯಿತು. ನಿಜ ಹೇಳು ಎಂದು ಗದರಿಸಿದ ಬಾಯಿ ಈಗ ಸುಮ್ಮನಿರುವುದು ಹೇಗೆ? ಹೇಳಿದರೆ ಇವಳಿಗೆ ಉಳಿಯುವುದೇನು? ಕೊನೆಗೆ ಹೇಳಿಯೇಬಿಟ್ಟರು.

“ರೈಯಾ, ಜಗ್ ಮೂರನೇ ಬೆಂಚಿಗೇ ಖಾಲಿಯಾಗಿತ್ತು. ನೀನು ಕಿಟಕಿ ಕಡೆ ನೋಡ್ತಿದ್ದೆ. ನಾನೇ ಮತ್ತೆ ತುಂಬಿಸ್ದೆ.”

ರೈಯಾ ಬನ್ನು ಕೆಳಗಿಟ್ಟಳು. ಆಮೇಲೆ ಕಣ್ಣು ಒರೆಸಿಕೊಂಡಳು. ಕೋಪವೋ ದುಃಖವೋ ಟೀಚರಿಗೆ ತಿಳಿಯಲಿಲ್ಲ.

“ಭಾನುವಾರ ಆ ಕಾನೂನಿನ ವಿಷಯಾನೇ ಹೇಳ್ತೀನಿ ಬಿಡು,” ಎಂದರು.

“ಬೇಡ ಟೀಚರ್, ಕೊಂಬಿನ ಕಥೇನೇ ಹೇಳಿ,” ಎಂದಳು ರೈಯಾ. “ಅವತ್ತು ಕುಡಿದು ಖಾಲಿ ಮಾಡಿದೋರೆಲ್ಲ ಬರ್ತಾರಲ್ಲ, ಇನ್ನೊಂದು ಸಲ ಕೇಳ್ಲಿ.”