ಹತ್ತಿ ಹೊರಳಿಸುವಷ್ಟು ಹೊತ್ತು

ಡ್ರಮ್ಮಿನ ಮುಂದೆ ಕೂರುವ ಮೊದಲು ಗುಲ್ನಾಜ್ ತನ್ನ ತೋಳುಗಳನ್ನು ಎರಡು ಸಲ ಕೊಡವಿಕೊಳ್ಳುತ್ತಾಳೆ. ಅಲ್ಲಿ ಧೂಳೂ ಇಲ್ಲ, ದಾರವೂ ಇಲ್ಲ. ಆದರೆ ದಾವಣಗೆರೆಯ ವಿನೋಬನಗರದಲ್ಲಿ, ಅಪ್ಪ ಮಕ್ತುಮ್ ಸಾಬ್ ದಿನವಿಡೀ ಬಿಲ್ಲಿನ ತಂತಿ ಮೀಟಿ ಹಾಸಿಗೆಗೆ ಹತ್ತಿ ಹಿಂಜುತ್ತಿದ್ದ ಆ ಒಂದಂಕಣದ ಮನೆಯಲ್ಲಿ ಬೆಳೆದವರಿಗೆ ಅರಳೆ ಮೈಗಂಟದ ದಿನವೇ ಇರಲಿಲ್ಲ. ಮೂವರು ಒಡಹುಟ್ಟಿದವರು ಸೇರಿ ರಾಕ್ ಬ್ಯಾಂಡ್ ಕಟ್ಟಿದಾಗ ಅದಕ್ಕೆ ‘ಅರಳೆ’ ಎಂದೇ ಹೆಸರಿಟ್ಟರು. ತಮ್ಮ ಅಮ್ಜದನದು ಗಿಟಾರು, ತಂಗಿ ಫಿರ್ದೌಸಳದು ಕಂಠ, ತಾಳದ ಭಾರವೆಲ್ಲ ಹಿರಿಯವಳಾದ ಗುಲ್ನಾಜಳ ಮೇಲೆ.

ಆಕೆಯ ನಡಿಗೆ ಬಿರುಸು, ಮಾತು ಮಿತ. ಯಾರು ಏನು ಕೇಳಿದರೂ “ನೋಡೂಣಂತೆ” ಎಂಬ ಒಂದೇ ಉತ್ತರ. ಆಕೆಯ ತಾಳದಲ್ಲೊಂದು ವೈಚಿತ್ರ್ಯವಿತ್ತು: ಪ್ರತಿ ಎರಡನೆಯ ಸಾಲಿನ ಕೊನೆಗೆ ಕೋಲು ತುಸು ತಡವಾಗಿ ಬೀಳುತ್ತಿತ್ತು. ಕಾಲೇಜಿನ ಅಂಗಳಗಳಲ್ಲಿ, ಶಾಮನೂರಿನ ಗೆಳತಿಯರ ತಾರಸಿಯ ಮೇಲೆ ಮೈಮರೆತು ಕುಣಿದವರಾರೂ ಅದನ್ನು ಗಮನಿಸಲಿಲ್ಲ. ಹಾಡುಗಳು ಮೊಬೈಲಿನಿಂದ ಮೊಬೈಲಿಗೆ ಹಾರಿ ಹರಿಹರವನ್ನೂ ಮುಟ್ಟಿದವು. ಅಲ್ಲಿ ರೈಲ್ವೆ ನಿಲ್ದಾಣದ ಹಿಂದೆ ರೆಕಾರ್ಡಿಂಗ್ ಕೋಣೆ ಇಟ್ಟುಕೊಂಡಿದ್ದ ಬಕ್ಕೇಶ್, ಮೊದಲ ಆಲ್ಬಮ್ ಮಾಡೋಣ ಬನ್ನಿ ಎಂದು ಕರೆದ.

ಆ ಕೋಣೆಯಲ್ಲಿ ತಾಳ ಅಳೆಯುವ ಯಂತ್ರದ ಟಿಕ್‌ಟಿಕ್ಕಿಗೆ ಬಾರಿಸಬೇಕಾಗಿ ಬಂದಾಗ ಗುಟ್ಟು ರಟ್ಟಾಯಿತು. ಹನ್ನೊಂದು ಸಲ ಬಾರಿಸಿದಳು. ಹನ್ನೊಂದು ಸಲವೂ ಅದೇ ಜಾಗ, ಅದೇ ತಡ.

“ಡ್ರಮ್ ಮಷೀನಿಂದ ಹಾಕಿಬಿಡೂಣ್ರಿ, ಇವ್ರು ಬ್ಯಾಡ” ಎಂದ ಬಕ್ಕೇಶ್.

ಅಮ್ಜದ್ ನೆಲ ನೋಡುತ್ತ, “ಹಂಗೇ ಮಾಡ್ರಿ” ಎಂದುಬಿಟ್ಟ.

ತಾನೇ ತೊಡೆ ತಟ್ಟಿ ತಾಳ ಕಲಿಸಿದ ತಮ್ಮ! ತಾನಿಲ್ಲದ ಬ್ಯಾಂಡು ಹೇಗಿರುತ್ತದೆಂದು ಗುಲ್ನಾಜ್ ಎಂದೂ ಯೋಚಿಸಿರಲಿಲ್ಲ. ಕೋಲುಗಳನ್ನು ಚೀಲಕ್ಕೆ ಸೇರಿಸಿ, ಮೂಲೆಯ ಸ್ಟೂಲಿನ ಮೇಲೆ ಹೋಗಿ ಕುಳಿತಳು.

ಯಂತ್ರದ ತಾಳಕ್ಕೆ ಫಿರ್ದೌಸ್ ಹಾಡತೊಡಗಿದಳು. ಎರಡನೆಯ ಸಾಲು ಮುಗಿಯುವಷ್ಟರಲ್ಲಿ ಉಸಿರು ಕಟ್ಟಿತು. ಮತ್ತೆ ಹಾಡಿದಳು, ಮತ್ತೆ ಅಲ್ಲೇ ಮುಗ್ಗರಿಸಿದಳು. “ಇದ್ರಾಗೆ ಉಸ್ರು ತಗಳ್ಳಾಕೆ ಜಾಗಾನೇ ಇಲ್ಲ” ಎಂದಳು, ಅಳುವುದೊಂದು ಬಾಕಿ.

ಅಷ್ಟರಲ್ಲಿ ಅಮ್ಜದನ ಕಣ್ಣು ಅಕ್ಕನ ಕೈಮೇಲೆ ಬಿತ್ತು. ಮಂಡಿಯ ಮೇಲೆ ತನ್ನಷ್ಟಕ್ಕೆ ತಾಳ ಹಾಕುತ್ತಿದ್ದ ಆ ಕೈ, ಎರಡನೆಯ ಸಾಲಿನ ಕೊನೆಗೆ ತಡೆದು, ಅಂಗೈ ಮೇಲಾಗಿ ಹೊರಳಿ, ಮತ್ತೆ ಬಡಿಯುತ್ತಿತ್ತು.

“ಅಕ್ಕಾ, ನಮ್ಮ ಅಬ್ಬಾ ಹತ್ತಿ ಹೊರಳಿಸ್ತಿದ್ದ ಜಾಗ ಐತಲ್ಲ ಇದು!”

ಎಂಟು ಹೊಡೆತಕ್ಕೊಮ್ಮೆ, ಅಂದರೆ ಹಾಡಿನ ಎರಡು ಸಾಲಿಗೊಮ್ಮೆ, ಬಿಲ್ಲು ತಡೆದು ಮಕ್ತುಮ್ ಸಾಬ್ ಹತ್ತಿ ಹೊರಳಿಸುತ್ತಿದ್ದರು. ಆ ಝೇಂಕಾರಕ್ಕೇ ಹಾಡು ಕಲಿತ ಫಿರ್ದೌಸ್ ಆ ಬಿಡುವಿನಲ್ಲೇ ಉಸಿರೆಳೆದುಕೊಳ್ಳುತ್ತಿದ್ದಳು.

“ಟಿಕ್‌ಟಿಕ್ ಬಂದ್ ಮಾಡ್ರಿ. ಅಕ್ಕಾ, ತಪ್ಪಾತು, ಬಂದು ಕೂಡು” ಎಂದ ಅಮ್ಜದ್.

“ನೋಡೂಣಂತೆ” ಎಂದು ಗುಲ್ನಾಜ್ ತೋಳು ಕೊಡವಿಕೊಂಡಳು. ಹಾಡು ಒಂದೇ ಸಲಕ್ಕೆ ಮುಗಿಯಿತು.

ಈಗ ‘ಅರಳೆ’ ಹುಬ್ಬಳ್ಳಿ, ಪುಣೆಯ ತನಕ ಹೋಗಿಬಂದಿದೆ. ಬಲ್ಲವರು ಆ ತಡವನ್ನೇ ಶೈಲಿ ಎನ್ನುತ್ತಾರೆ. ಇಂಥವರು ಮನೆಗೊಬ್ಬರಾದರೂ ಇರುತ್ತಾರೇನೋ. ಪಕ್ಕದವರ ಉಸಿರಿಗಾಗಿ ತುಸು ಹಿಂದುಳಿಯುತ್ತಾರೆ, ಹಿಂದುಳಿದದ್ದು ಅವರಿಗೇ ಗೊತ್ತಿರುವುದಿಲ್ಲ. ನಾವೋ ಮೊದಲು ಅವರ ತಪ್ಪೆಣಿಸುತ್ತೇವೆ, ಅವರೆದ್ದು ಹೋದ ಮೇಲೆ ಎದೆ ಬಿಗಿದಾಗ ಹುಡುಕುತ್ತೇವೆ. ಗುಲ್ನಾಜ್ ಮೂಲೆಯ ಸ್ಟೂಲಿನಷ್ಟೇ ದೂರದಲ್ಲಿದ್ದದ್ದು ಆ ಒಡಹುಟ್ಟಿದವರ ಪುಣ್ಯ.