ಯರ್ಹನ ಹೆಸರು

ನಮ್ಮ ಮೂಲಪುರುಷ ಶೇಷಾನನಿಂದ ಹಿಡಿದು ತನ್ನವರೆಗಿನ ಹೆಸರುಗಳನ್ನೆಲ್ಲ ನನ್ನಪ್ಪ ಎಲೀಷಾಮ ಒಂದೇ ಉಸಿರಿಗೆ ಹೇಳುತ್ತಿದ್ದ. ಎರಡನೆಯ ಹೆಸರಿಗೆ ಬಂದಾಗ ಮಾತ್ರ ದನಿ ತಗ್ಗುತ್ತಿತ್ತು. ಯರ್ಹ. ಹೊರದೇಶ ಐಗುಪ್ತದವನು, ಶೇಷಾನನ ಮನೆಯ ಆಳು. ನಮ್ಮ ಬಳಗದವರು ಹಬ್ಬದ ದಿನ ವಂಶದ ಪಟ್ಟಿ ಹೇಳುವಾಗ ಅವನ ಹೆಸರನ್ನು ನುಂಗಿಬಿಡುತ್ತಿದ್ದರು. 'ಶೇಷಾನನ ಮಗ ಅತ್ತೈ' ಎಂದು ಹಾರಿಸಿ, ನಾವು ಯೆಹೂದ ಕುಲದ ಅಪ್ಪಟ ರಕ್ತ ಎಂದು ಗಡ್ಡ ನೀವಿಕೊಳ್ಳುತ್ತಿದ್ದರು.

ಆ ವರ್ಷ ವಂಶಾವಳಿ ಬರೆಯಲು ಲೇಖಕರೊಬ್ಬರು ಊರಿಗೆ ಬಂದರು. ಹೊಲಗಳ ಹಕ್ಕೂ ಆಗಲೇ ತೀರ್ಮಾನವಾಗಬೇಕಿತ್ತು. ಅಪ್ಪನಿಗೆ ಗಂಡುಮಕ್ಕಳಿಲ್ಲ, ನಾನೊಬ್ಬಳೇ. ಅಂಥ ಮನೆಯಲ್ಲಿ ಹೊಲ ಮಗಳಿಗೆ ಬರುತ್ತದೆ ನಿಜ, ಆದರೆ ಅವಳು ಕುಲದೊಳಗೇ ಮದುವೆಯಾಗಿರಬೇಕು. ನನ್ನ ಗಂಡ ಶೋಬಾಲ ಎದೋಮಿನವನು, ಪರಕುಲದವನು, ನಮ್ಮ ಕುರಿ ಕಾಯಲು ಬಂದವನು. ಅಪ್ಪನ ದಾಯಾದಿ ಪೆಲೆತನಿಗೆ ನಮ್ಮ ಜವೆಗೋದಿ ಹೊಲದ ಮೇಲೆ ಮೊದಲಿನಿಂದಲೂ ಕಣ್ಣು.

ವಂಶಾವಳಿ ಬರೆಸುವ ಹಿಂದಿನ ದಿನ ಪೆಲೆತ್ ಮನೆಗೆ ಬಂದ. ನಾನು ರೊಟ್ಟಿ, ಎಣ್ಣೆ ಇಟ್ಟೆ.

"ಅಣ್ಣಾ, ನಾಳೆ ಆ ಆಳಿನ ಹೆಸರು ಎತ್ತಬೇಡ. ಒಂದ್ಸಲ ಬರೆದಿಟ್ರೆ ಮುಗೀತು, ನಮ್ಮ ಮೊಮ್ಮಕ್ಕಳನ್ನೂ ಜನ ಆಡ್ಕೋತಾರೆ."

"ಎತ್ತದೆ ಇದ್ರೆ?"

"ನೀನು ಇರೋವರೆಗೂ ಹೊಲ ನಿಂದೇ. ನಾನು ತಕರಾರು ಮಾಡಲ್ಲ."

"ಆಮೇಲೆ ನನ್ನ ಮಗಳು ನಾರಾಳ ಗತಿ?"

"ಅವಳಿಗೇನು ಕಡಿಮೆ? ಗಂಡ ಇದಾನಲ್ಲ, ಕುರಿ ಕಾಯ್ಕೊಂಡು ಸಾಕ್ತಾನೆ," ಎಂದು ಪೆಲೆತ್ ನಾನು ಸುಟ್ಟ ರೊಟ್ಟಿಯನ್ನೇ ಎಣ್ಣೆಗೆ ಅದ್ದಿಕೊಂಡ. ಅದು ಅವನ ಗಂಟಲಿಗೆ ಸಿಕ್ಕಿಕೊಳ್ಳಬಾರದೇ ಅನ್ನಿಸಿತು ನನಗೆ.

ಮರುದಿನ ಊರಬಾಗಿಲಲ್ಲಿ ಹಿರಿಯರೆಲ್ಲ ಕೂತಿದ್ದರು. ಅಪ್ಪ ಎದ್ದು ನಿಂತ. "ಶೇಷಾನ್," ಎಂದು ನಿಲ್ಲಿಸಿದ.

"ಅವನ ಮಗ ಅತ್ತೈ," ಎಂದು ಪೆಲೆತ್ ಎತ್ತಿಕೊಟ್ಟ.

"ಸುಮ್ನಿರೋ. ಶೇಷಾನನಿಗೆ ಗಂಡುಮಕ್ಕಳೇ ಇರ್ಲಿಲ್ಲ. ಮಗಳನ್ನ ತನ್ನ ಆಳು ಯರ್ಹನಿಗೆ ಕೊಟ್ಟ, ಐಗುಪ್ತದವನಿಗೆ. ಅವರ ಮಗ ಅತ್ತೈ. ಆ ಮಗಳಿಗೆ ಬಂದ ಹೊಲದ ರೊಟ್ಟಿ ತಿಂದೇ ನಾವೆಲ್ಲ ಬೆಳೆದದ್ದು. ನೀನೂ ತಿಂದಿದೀಯ ಪೆಲೆತ್. ಶೇಷಾನನ ಮಗಳಿಗೆ ಸಂದದ್ದು ನನ್ನ ಮಗಳಿಗೆ ಯಾಕೆ ಸಲ್ಲಲ್ಲ?"

ಕೂತಿದ್ದವರಲ್ಲಿ ಅರ್ಧ ಜನ ಅತ್ತೈನ ಸಂತಾನವೇ. ಯರ್ಹನನ್ನು ಹೊರಗಿಟ್ಟರೆ ತಾವೂ ಹೊರಗೆ ಎಂಬುದು ಅವರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಹೊಲ ನನಗೇ ಎಂದರು.

ಲೇಖಕರು ಎಲ್ಲವನ್ನೂ ಬರೆದರು. ಎಲೀಷಾಮ ಎಂಬಲ್ಲಿಗೆ ನಿಲ್ಲಿಸಿ ಲೇಖನಿ ಒರೆಸಿದರು.

"ನಾರಾ ಅಂತ ಸೇರಿಸಿ ಸ್ವಾಮಿ," ಅಪ್ಪ ಕೇಳಿಕೊಂಡ.

"ಹೆಣ್ಣಿನ ಹೆಸರಿಗೆ ಇಲ್ಲಿ ಜಾಗ ಇಲ್ಲಪ್ಪಾ."

ಮನೆಯ ದಾರಿಯಲ್ಲಿ ನಾನು ಕೇಳಿದೆ, "ಅಪ್ಪಾ, ಶೇಷಾನನ ಆ ಮಗಳ ಹೆಸರೇನು?"

ಹದಿನೈದು ಗಂಡಸರ ಹೆಸರು ಒಂದೇ ಉಸಿರಿಗೆ ಹೇಳುವ ಅಪ್ಪ ದಾರಿಯಲ್ಲೇ ನಿಂತುಬಿಟ್ಟ. "ಗೊತ್ತಿಲ್ಲ ಕಣವ್ವಾ," ಅಂದ. ಅವನ ಕಣ್ಣು ತುಂಬಿತು. ನನಗೂ ದುಃಖ ತಡೆಯಲಾಗಲಿಲ್ಲ.

ಈಗ ಅಪ್ಪ ಇಲ್ಲ. ಜವೆಗೋದಿ ಕೊಯ್ಯುವಾಗ ನನ್ನ ಮಗಳು ಪಟ್ಟಿ ಹೇಳುತ್ತಾಳೆ. ಯರ್ಹ ಎನ್ನುವಾಗ ದನಿ ತಗ್ಗಿಸುವುದಿಲ್ಲ. ಅದಕ್ಕೂ ಮುಂಚೆ, ಹೆಸರು ಗೊತ್ತಿಲ್ಲದ ಆ ತಾಯಿಗಾಗಿ ಒಂದು ಗಳಿಗೆ ಸುಮ್ಮನಾಗುತ್ತಾಳೆ. ಎಲೀಷಾಮ ಎಂದ ಮೇಲೂ ನಿಲ್ಲಿಸದೆ, ನಾರಾ ಅನ್ನುತ್ತಾಳೆ.