ಸೀಸರ್ ಹುಡುಕಿದ ಕೊಂಬು

ದುರ್ಗದ ಪೇಟೆಯಲ್ಲಿ ಯಾರಿಂದಲೂ ಶಾಲು ಹೊದೆಸಿಕೊಳ್ಳದೆ ಉಳಿದ ವರ್ತಕರು ಇಬ್ಬರೇ. ಅವರಲ್ಲೊಬ್ಬರು ತೀರಿಕೊಂಡ ಮೇಲೆ ಪೈಂಟ್ ಅಂಗಡಿಯ ಮುರುಗಪ್ಪನವರಿಗೆ ಊಟ ರುಚಿಸದಾಯಿತು. ಅಂಥದೊಂದು ದಿನ ಮೊಬೈಲಿನಲ್ಲಿ ಅಮೆರಿಕದ ನಾಯಿಯೊಂದು ಕಣ್ಣಿಗೆ ಬಿತ್ತು. ಕಾಡಿನಲ್ಲಿ ಜಿಂಕೆಗಳು ಉದುರಿಸಿದ ಕೊಂಬುಗಳನ್ನು ಅದು ಮೂಸಿ ಹುಡುಕುತ್ತಿತ್ತು.

ತಮ್ಮ ಲ್ಯಾಬ್ರಡಾರ್ ಸೀಸರ್‌ಗೂ ಮೂಗಿದೆಯಲ್ಲ! ಕಳ್ಳರ ಕೈಸೇರುವ ಮೊದಲೇ ಜೋಗಿಮಟ್ಟಿ ಕಾಡಿನ ಕೊಂಬುಗಳನ್ನು ಹುಡುಕಿಕೊಡುತ್ತೇನೆಂದು ಅರಣ್ಯಾಧಿಕಾರಿ ನೇತ್ರಾವತಿಯವರಿಗೆ ಮಾತು ಕೊಟ್ಟರು.

"ನಾವು ಬಚ್ಚಿಟ್ಟ ಕೊಂಬು ಮೊದ್ಲು ಹುಡುಕಿ ತೋರಿಸ್ಲಿ. ವನ್ಯಜೀವಿ ಸಪ್ತಾಹದಾಗೆ ನಿಮಗೇ ಸನ್ಮಾನ," ಎಂದರು ಆಕೆ.

ಮುರುಗಪ್ಪ ಅಂದೇ ಫ್ಲೆಕ್ಸ್‌ಗೆ ಫೋಟೊ ತೆಗೆಸಿದರು. ನಾಯಿಯದು ಮೂಲೆಯಲ್ಲಿ, ಚಿಕ್ಕದಾಗಿ. ಇಲಾಖೆಯವರು ಎಂಥ ಶಾಲು ತರುತ್ತಾರೋ ಎಂದು ಜರಿಯಂಚಿನದೊಂದನ್ನು ತಾವೇ ಕೊಂಡು ಬೀರುವಿನಲ್ಲಿಟ್ಟರು.

ಅಭ್ಯಾಸಕ್ಕೆ ಕೊಂಬು ಬೇಕಲ್ಲ. ದೇವರ ಕೋಣೆಯ ಬಾಗಿಲ ಮೇಲೆ ಅವರಪ್ಪನ ಕಾಲದ್ದೊಂದು ತೂಗುತ್ತಿತ್ತು. ಪರವಾನಗಿಯಿಲ್ಲದೆ ಅದನ್ನಿಟ್ಟುಕೊಳ್ಳುವುದು ಅಪರಾಧವೆಂದು ಗೊತ್ತಿದ್ದರಿಂದ, "ಪ್ಲಾಸ್ಟಿಕ್ ಕೊಂಬು ಮೇಡಂ, ಆನ್‌ಲೈನ್‌ನಾಗೆ ತರಿಸಿದೀನಿ," ಎಂದು ಅಧಿಕಾರಿಗೆ ಹೇಳಿದ್ದರು.

ಕೊಂಬನ್ನು ಪೈಂಟ್ ಡಬ್ಬಗಳ ಹಿಂದೆ ಬಚ್ಚಿಟ್ಟು "ಸರ್ಚ್!" ಎನ್ನುತ್ತಿದ್ದರು. ಆ ಮನೆಯಲ್ಲಿ ಇಂಗ್ಲಿಷ್ ಅರ್ಥವಾಗುತ್ತಿದ್ದುದು ಸೀಸರ್‌ಗೆ ಮಾತ್ರ. ಸಿಕ್ಕಿದ್ದರ ಮುಂದೆ ಕುಳಿತು ಮೂರು ಸಲ ಬೊಗಳಿದರೆ ಬಿಸ್ಕತ್ತು. ಪಾಠ ಮುಗಿದೊಡನೆ ಹೆಂಡತಿ ದಾಕ್ಷಾಯಿಣಿ ಕೊಂಬನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು, ಉದ್ದಕ್ಕೂ ವಿಭೂತಿ ಬಳಿದು ಮತ್ತೆ ತೂಗುಹಾಕುತ್ತಿದ್ದರು.

"ಏನೇ ಅದು, ದಿನಾ?"

"ನಾಯಿ ಎಂಜಲು ಮಾಡಿದ್ದನ್ನ ಹಂಗೇ ದೇವ್ರ ಬಾಗ್ಲಿಗೆ ಹಾಕ್ಲಾ? ನಿಮಗಂತೂ ಭಕ್ತಿ ಇಲ್ಲ, ನನಗೈತೆ."

ಪರೀಕ್ಷೆಯ ಬೆಳಿಗ್ಗೆ ಎಲ್ಲರೂ ಕಾಡಿನಂಚಿನಲ್ಲಿ ಸೇರಿದರು. ಸನ್ಮಾನ ಅಲ್ಲೇ ಆಗಿಬಿಟ್ಟರೆ ಎಂದು ದಾಕ್ಷಾಯಿಣಿ ರೇಷ್ಮೆ ಸೀರೆಯಲ್ಲೇ ಬಂದಿದ್ದರು.

"ಸರ್ಚ್!"

ಸೀಸರ್ ಮೂಗು ನೆಲಕ್ಕಿಟ್ಟು ಓಡಿತು. ಮುಳ್ಳುಪೊದೆಯ ಬುಡದಲ್ಲಿ ಇಲಾಖೆಯವರು ಇಟ್ಟಿದ್ದ ಕೊಂಬು ಸಿಕ್ಕಿತು. ಅದರ ಮೇಲೆ ಕಾಲೆತ್ತಿ, ಕೆಲಸ ಮುಗಿಸಿ ಮುಂದೆ ಹೋಯಿತು. ಹಣೆತುಂಬ ವಿಭೂತಿ ಬಳಿದಿದ್ದ ಗಾರ್ಡ್ ಕಾಟಲಿಂಗಪ್ಪನ ಎದುರು ಕುಳಿತು ಮೂರು ಸಲ ಬೊಗಳಿತು.

"ಏನ್ಲೇ ಕಾಟ್ಲಿಂಗ, ನಿಂಗ್ಯಾವಾಗ ಕೊಂಬು ಬಂದ್ವು?" ಎಂದು ಜೀಪಿನ ಡ್ರೈವರ್ ನಕ್ಕ. ಸೀಸರ್ ಅವನತ್ತ ತಿರುಗಿ, ಅವನ ಹಣೆಯ ವಿಭೂತಿಗೂ ಮೂರು ಸಲ ಬೊಗಳಿತು.

ನೇತ್ರಾವತಿ ನಗಲಿಲ್ಲ. ಇಬ್ಬರ ಹಣೆಯನ್ನೂ ನೋಡಿ, ಮುರುಗಪ್ಪನವರತ್ತ ತಿರುಗಿದರು. "ಆನ್‌ಲೈನ್‌ನೋರು ಪ್ಲಾಸ್ಟಿಕ್ ಕೊಂಬಿಗೆ ವಿಭೂತಿ ಹಚ್ಚಿ ಕಳಿಸ್ತಾರೇನ್ರಿ?"

ಮುರುಗಪ್ಪ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ದಾಕ್ಷಾಯಿಣಿ ಕೆರಳಿದ್ದರು. "ಪ್ಲಾಸ್ಟಿಕ್ಕಾ? ನಮ್ಮನ್ಯಾಗೆ ಅಂಥದ್ದೆಲ್ಲ ಇಲ್ಲ ಮೇಡಂ. ಮಾವನೋರ ಕಾಲದ ಅಸಲಿ ಕೊಂಬು. ದಿನಾ ನಾನೇ ಕೈಯಾರೆ ವಿಭೂತಿ ಹಚ್ತೀನಿ. ಬೇಕಾದ್ರೆ ಬಂದು ನೋಡ್ರಿ!"

"ಹೋಗಾಣ ನಡೀರಿ," ಎಂದರು ನೇತ್ರಾವತಿ.

ಮನೆಯ ಬಾಗಿಲು ತೆರೆದದ್ದೇ ತಡ, ಸೀಸರ್ ಎಲ್ಲರಿಗಿಂತ ಮುಂದೆ ಓಡಿ ದೇವರ ಕೋಣೆಯೆದುರು ಕುಳಿತಿತು. ತಲೆಯೆತ್ತಿ ಮೂರು ಸಲ ಬೊಗಳಿತು.

"ಪಾಸಾತು ಬಿಡ್ರಿ ಸಾವ್ಕಾರ್ರೆ," ಎನ್ನುತ್ತ ಕಾಟಲಿಂಗಪ್ಪ ಸ್ಟೂಲ್ ಹತ್ತಿ ಕೊಂಬು ಇಳಿಸಿದ. "ಸುತ್ಕೊಂಡು ಹೋಗಾಕೆ ಯಾವ್ದಾದ್ರೂ ಹಳೇ ಬಟ್ಟೆ ಕೊಡ್ರವ್ವ."

"ದೇವ್ರ ಬಾಗ್ಲಾಗೆ ಇದ್ದದ್ದು, ಹಳೇದ್ರಾಗೆ ಸುತ್ತಾದಾ?" ಎಂದು ದಾಕ್ಷಾಯಿಣಿ ಬೀರು ತೆರೆದು ಜರಿಯಂಚಿನ ಶಾಲು ತಂದುಕೊಟ್ಟರು.

ಎಲ್ಲರೂ ನೋಡುತ್ತಿದ್ದಂತೆ ಕೊಂಬಿಗೆ ಶಾಲು ಹೊದೆಸಲಾಯಿತು. ಸೀಸರ್ ಮಾತ್ರ ಇನ್ನೂ ಮುರುಗಪ್ಪನವರ ಜೇಬನ್ನೇ ನೋಡುತ್ತ ಬಿಸ್ಕತ್ತಿಗೆ ಕಾದಿತ್ತು.